ಬಳ್ಳಾರಿ ಬಿಸಿಲಲ್ಲಿ ಸಣ್ಣ ವಿಮಾನ ಯಾಕೆ ಕುಣಿಯುತ್ತದೆ, ಆಗ ಪೈಲಟ್ ಏನು ಮಾಡಬೇಕು

ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಬಳ್ಳಾರಿ ಊರಾಚೆ ನಿಂತು ನೋಡಿ. ಕಟಾವು ಮುಗಿದ ಎರೆ ಹೊಲದಲ್ಲಿ ಎಲ್ಲೋ ಒಂದು ಕಡೆ ಸುಂಟರಗಾಳಿ ಎದ್ದಿರುತ್ತದೆ. ಒಣ ಎಲೆ, ಧೂಳು, ಪ್ಲಾಸ್ಟಿಕ್ ಚೀಲ ಎಲ್ಲ ಗಿರಗಿರ ತಿರುಗುತ್ತಾ ಮೇಲೇಳುತ್ತವೆ. ಒಂದೆರಡು ನಿಮಿಷಕ್ಕೆ ಧೂಳು ಚದುರಿಹೋಗುತ್ತದೆ. ಗಾಳಿ ಮಾತ್ರ ಏರುತ್ತಲೇ ಇರುತ್ತದೆ. ನಾಲ್ಕು ಸೀಟಿನ ಸೆಸ್ನಾ ವಿಮಾನವೊಂದು ಆ ಹೊತ್ತಿಗೆ ಮೂರು ಸಾವಿರ ಅಡಿ ಮೇಲೆ ಹಾದುಹೋದರೆ, ಕೆಳಗಿಂದ ಯಾರೋ ಒದ್ದ ಹಾಗೆ ಎತ್ತಿ ಹಾಕುತ್ತದೆ. ಮರುಕ್ಷಣ ಹೊಟ್ಟೆ ಬಾಯಿಗೆ ಬರುವಂತೆ ಕೆಳಗೆ ಇಳಿಸುತ್ತದೆ.

ಇದನ್ನು ಜನ 'ಏರ್ ಪಾಕೆಟ್‌ಗೆ ಬಿತ್ತು' ಅಂತಾರೆ. ಆಕಾಶದಲ್ಲಿ ಗಾಳಿಯೇ ಇಲ್ಲದ ಗುಂಡಿ ಎಲ್ಲೂ ಇರುವುದಿಲ್ಲ. ಏರುವ ಗಾಳಿ ಇರುತ್ತದೆ, ಅದರ ಪಕ್ಕದಲ್ಲೇ ಇಳಿಯುವ ಗಾಳಿ ಇರುತ್ತದೆ. ವಿಮಾನ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕುಲುಕುತ್ತದೆ, ಅಷ್ಟೇ. ಈ ಕುಲುಕಾಟ ತಾನಾಗಿಯೇ ವಿಮಾನವನ್ನು ಬೀಳಿಸುವುದು ತೀರಾ ಅಪರೂಪ. ಅದಕ್ಕೆ ಪೈಲಟ್‌ನ ಕೈ ಹೇಗೆ ಉತ್ತರ ಕೊಡುತ್ತದೆ ಅನ್ನುವುದರಲ್ಲಿ ಅಪಾಯ ಜಾಸ್ತಿ. ಈ ಲೇಖನದಲ್ಲಿ ನಾನು ಹೇಳಬೇಕಿರುವುದು ಮುಖ್ಯವಾಗಿ ಅದನ್ನೇ.

ಮೊದಲು ನೆಲದಿಂದ ಶುರು ಮಾಡೋಣ. ಬಿಸಿಲು ಗಾಳಿಯನ್ನು ನೇರವಾಗಿ ಹೆಚ್ಚು ಕಾಯಿಸುವುದಿಲ್ಲ. ಅದು ನೆಲವನ್ನು ಕಾಯಿಸುತ್ತದೆ, ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಎಲ್ಲ ನೆಲವೂ ಒಂದೇ ಸಮ ಕಾಯುವುದಿಲ್ಲ. ಒಣಗಿದ ಎರೆ ಹೊಲ, ಆನೆಗೊಂದಿ ಸುತ್ತಲಿನ ಬರಿ ಬಂಡೆ ಬೆಟ್ಟ, ಊರಿನ ನಡುವೆಯೇ ಎದ್ದು ನಿಂತಿರುವ ಬಳ್ಳಾರಿ ಗುಡ್ಡ, ಡಾಂಬರು ರಸ್ತೆ, ತಗಡಿನ ಗೋದಾಮು, ಇವೆಲ್ಲ ಬೇಗ ಕಾಯುತ್ತವೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ನೀರು ನಿಂತ ಭತ್ತದ ಗದ್ದೆ, ಕಾಲುವೆ, ತುಂಗಭದ್ರಾ ಜಲಾಶಯ, ಇವು ನಿಧಾನ. ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ಅದರ ಜಾಗ ತುಂಬಲು ಪಕ್ಕದ ತಂಪು ಗಾಳಿ ಕೆಳಗಿಳಿಯುತ್ತದೆ. ಏರುವ ಈ ಗಾಳಿಕಂಬಕ್ಕೆ ಪೈಲಟ್‌ಗಳು ಥರ್ಮಲ್ ಅನ್ನುತ್ತಾರೆ.

ಹಾಗಾಗಿ ನಮ್ಮ ಭಾಗದಲ್ಲಿ ಹಾರುವವರು ನೆಲ ನೋಡಿಯೇ ಮುಂದಿನ ಕುಲುಕನ್ನು ಊಹಿಸಬಹುದು. ಹಸಿರು ಗದ್ದೆಯ ಮೇಲೆ ಸಮಾಧಾನವಾಗಿ ಹೋಗುತ್ತಿದ್ದೀರಿ, ಎದುರಿಗೆ ಕಾಲುವೆ ಮುಗಿದು ಕಪ್ಪು ನೆಲ ಶುರುವಾಗುತ್ತಿದೆ ಅಂದರೆ, ಆ ಗಡಿಯಲ್ಲೇ ಮೊದಲ ಏಟು ಬೀಳುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತಿದ್ದರೆ ಅಲ್ಲಿ ಥರ್ಮಲ್ ಇದೆ ಅಂತಲೇ ಅರ್ಥ. ಹಕ್ಕಿ ಬಡಿಯುವ ಅಪಾಯವೂ ಅಲ್ಲೇ ಇದೆ. ಆದ್ದರಿಂದ ಎರಡೂ ಕಾರಣಕ್ಕೆ ಅದರಿಂದ ದೂರ ಇರುವುದು ಒಳ್ಳೆಯದು. ಕುಡಿತಿನಿ, ಶಕ್ತಿನಗರದ ವಿದ್ಯುತ್ ಸ್ಥಾವರಗಳ ಚಿಮಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಇವುಗಳ ನೆತ್ತಿಯ ಮೇಲೆ ಕಡಿಮೆ ಎತ್ತರದಲ್ಲಿ ಹಾಯಬಾರದು. ಚಿಮಣಿಯಿಂದ ಏರುವ ಬಿಸಿ ಗಾಳಿ ಕೆಲವೊಮ್ಮೆ ಕಣ್ಣಿಗೆ ಕಾಣುವುದೇ ಇಲ್ಲ. ಹೊಗೆ ಇದ್ದರೆ ಅದರಿಂದ ಒಂದು ಉಪಕಾರವೂ ಇದೆ. ಅದು ವಾಲಿದ ದಿಕ್ಕು ನೋಡಿದರೆ ಗಾಳಿ ಎತ್ತ ಬೀಸುತ್ತಿದೆ ಅಂತ ಗೊತ್ತಾಗುತ್ತದೆ. ಯಲಬುರ್ಗಾ, ಕುಕನೂರು ಕಡೆಯ ಗಾಳಿಯಂತ್ರಗಳೂ ಇದೇ ಕೆಲಸ ಮಾಡುತ್ತವೆ. ಅವು ಯಾವಾಗಲೂ ಗಾಳಿಗೆ ಮುಖ ಮಾಡಿ ನಿಂತಿರುತ್ತವೆ.

ಒಂದು ಜೋರಾದ ಥರ್ಮಲ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಏರುತ್ತದೆ ಅಂದುಕೊಳ್ಳಿ. ನಿಮಿಷಕ್ಕೆ ಸುಮಾರು 1,000 ಅಡಿ ಆಯಿತು. ಸೆಸ್ನಾ 172ಎಸ್ ವಿಮಾನ ತನ್ನ ಪೂರ್ತಿ ಶಕ್ತಿ ಹಾಕಿ, ಸಮುದ್ರ ಮಟ್ಟದಲ್ಲಿ, ತಂಪು ಗಾಳಿಯಲ್ಲಿ ಏರಿದರೂ ನಿಮಿಷಕ್ಕೆ 730 ಅಡಿ ಮಾತ್ರ. ಬಳ್ಳಾರಿಯ ಬಿಸಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಗಾಳಿ ಎತ್ತಲು ಅಥವಾ ಇಳಿಸಲು ನಿರ್ಧರಿಸಿದರೆ, ಆ ಗಳಿಗೆಯಲ್ಲಿ ಎಂಜಿನ್‌ಗಿಂತ ಅದಕ್ಕೇ ಬಲ ಜಾಸ್ತಿ. ಜೊತೆಗೆ ಇಲ್ಲಿಯ ಬೇಸಿಗೆಯಲ್ಲಿ ಥರ್ಮಲ್‌ಗಳು ತುಂಬಾ ಎತ್ತರಕ್ಕೆ ಹೋಗುತ್ತವೆ. ನೆಲದ ಉಷ್ಣಾಂಶ 40 ಡಿಗ್ರಿ, ಇಬ್ಬನಿ ಬಿಂದು (ಗಾಳಿಯ ತೇವ ಹನಿಯಾಗಲು ಶುರುವಾಗುವ ಉಷ್ಣಾಂಶ) 15 ಡಿಗ್ರಿ ಇದೆ ಅನ್ನಿ. ಎರಡರ ನಡುವಿನ ಪ್ರತಿ ಡಿಗ್ರಿಗೆ ಸುಮಾರು 400 ಅಡಿ ಲೆಕ್ಕ ಹಾಕಿದರೆ ಮೋಡದ ತಳ 10,000 ಅಡಿ ಮೇಲೆ. ಅಲ್ಲಿಯವರೆಗೂ ಕುಲುಕಾಟ ಇರಬಹುದು. 'ಸ್ವಲ್ಪ ಮೇಲೆ ಹೋದರೆ ಸರಿಹೋಗುತ್ತದೆ' ಅನ್ನುವ ಮಾತು ಚಳಿಗಾಲದಲ್ಲಿ ನಿಜ. ಬಳ್ಳಾರಿಯ ಮೇ ತಿಂಗಳಲ್ಲಿ ಸಣ್ಣ ವಿಮಾನಕ್ಕೆ ಅದು ಕೈಗೆಟುಕುವುದು ಕಷ್ಟ.

ಅದಕ್ಕೇ ಇಲ್ಲಿ ಹೊತ್ತು ನೋಡಿ ಹಾರಬೇಕು. ಸೂರ್ಯ ಹುಟ್ಟಿದ ಮೇಲೆ ಎರಡು ಮೂರು ತಾಸು ಗಾಳಿ ಸಾಮಾನ್ಯವಾಗಿ ಶಾಂತ. ಹತ್ತು ಗಂಟೆ ಹೊತ್ತಿಗೆ ನೆಲ ಕಾದು ಕುಲುಕು ಶುರುವಾಗುತ್ತದೆ. ಒಂದರಿಂದ ನಾಲ್ಕರವರೆಗೆ ಅದರ ಅಬ್ಬರ. ಸಂಜೆ ಮತ್ತೆ ಇಳಿಯುತ್ತದೆ. ಕಲಿಯುವ ಹುಡುಗರನ್ನು, ಮೊದಲ ಸಲ ಕೂರುವ ಮನೆಯವರನ್ನು ಮಧ್ಯಾಹ್ನ ಮೂರಕ್ಕೆ ಕರೆದುಕೊಂಡು ಹೋಗುವುದು ನನ್ನ ಪ್ರಕಾರ ತಪ್ಪು. ಒಂದು ಸಲ ಹೆದರಿದ ಮನಸ್ಸು ಆಮೇಲೆ ಕಲಿಯುವುದು ತುಂಬಾ ನಿಧಾನ.

ಇನ್ನು ಸಣ್ಣ ವಿಮಾನವೇ ಯಾಕೆ ಇಷ್ಟು ಕುಣಿಯುತ್ತದೆ? ರೆಕ್ಕೆಯ ಪ್ರತಿ ಚದರ ಮೀಟರ್ ಎಷ್ಟು ತೂಕ ಹೊತ್ತಿದೆ ಅನ್ನುವುದರಲ್ಲಿ ಉತ್ತರ ಇದೆ. ಸೆಸ್ನಾ 172ಎಸ್ ತುಂಬಿದಾಗ ಸುಮಾರು 1,157 ಕಿಲೋ, ರೆಕ್ಕೆ 16.2 ಚದರ ಮೀಟರ್. ಒಂದು ಚದರ ಮೀಟರ್‌ಗೆ 71 ಕಿಲೋ ಬಂತು. ಉಡಾನ್ ಯೋಜನೆಯಲ್ಲಿ ತೋರಣಗಲ್ಲಿಗೆ ಬಂದ ಎಟಿಆರ್ 72 ಪ್ರಯಾಣಿಕ ವಿಮಾನದಲ್ಲಿ ಇದು ಸುಮಾರು 377 ಕಿಲೋ. ಗಾಳಿಯ ಅದೇ ಏಟು ಹಗುರ ಹೊರೆಯ ರೆಕ್ಕೆಗೆ ಬಿದ್ದರೆ ವಿಮಾನ ಹೆಚ್ಚು ಜೋರಾಗಿ ಚಿಮ್ಮುತ್ತದೆ. ವಿಮಾನ ಗಟ್ಟಿಯಿಲ್ಲ ಅಂತ ಇದರ ಅರ್ಥ ಅಲ್ಲ.

ಏಟಿನ ಜೋರು ಇನ್ನೊಂದು ವಿಷಯದ ಮೇಲೂ ನಿಂತಿದೆ, ಅದು ನಿಮ್ಮ ಕೈಯಲ್ಲೇ ಇದೆ: ವೇಗ. ಅದೇ ಗಾಳಿಯನ್ನು 120 ನಾಟ್‌ನಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಹೊಕ್ಕುವ ಬದಲು 90 ನಾಟ್‌ನಲ್ಲಿ ಹೊಕ್ಕರೆ ಪ್ರತಿ ಏಟೂ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಕುಲುಕು ಶುರುವಾದ ಕೂಡಲೇ, ಅಥವಾ ಶುರುವಾಗುತ್ತದೆ ಅಂತ ಅನಿಸಿದಾಗಲೇ, ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಹಿಂದಕ್ಕೆ ಎಳೆಯಿರಿ. ಎಷ್ಟಕ್ಕೆ ಇಳಿಸಬೇಕು? ಇದಕ್ಕೆ ಮನೂವರಿಂಗ್ ಸ್ಪೀಡ್ ಅಂತ ಒಂದು ಅಂಕಿ ಇದೆ. ವಿಮಾನದ ಕೈಪಿಡಿಯಲ್ಲಿ ಅದನ್ನು ಕೊಟ್ಟಿರುತ್ತಾರೆ. ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಅಂಕಿ ಬಾಯಿಪಾಠ ಮಾಡಿ ಕಾರಣ ಬಿಟ್ಟವರು ಬಹಳ.

ರೆಕ್ಕೆಯ ಎತ್ತುವ ಬಲ ವೇಗದ ವರ್ಗದಂತೆ ಬೆಳೆಯುತ್ತದೆ. ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದಕ್ಕೆ ಸ್ಟಾಲ್ ಅನ್ನುತ್ತಾರೆ. ವಿಮಾನ ಹಾರಲು ಬೇಕಾದ ಕನಿಷ್ಠ ವೇಗ ಸ್ಟಾಲ್ ವೇಗ. ಅದರ ಎರಡರಷ್ಟು ವೇಗದಲ್ಲಿದ್ದಾಗ ರೆಕ್ಕೆ ಹೆಚ್ಚೆಂದರೆ ತೂಕದ ನಾಲ್ಕು ಪಟ್ಟು ಎತ್ತಬಲ್ಲದು. ಸೆಸ್ನಾ 172ರ ದೇಹವನ್ನು ಕಟ್ಟಿರುವುದು ತೂಕದ 3.8 ಪಟ್ಟು ಹೊರೆಗೆ. ಆದ್ದರಿಂದ ಸ್ಟಾಲ್ ವೇಗದ ಎರಡು ಪಟ್ಟಿಗಿಂತ ಒಂಚೂರು ಕೆಳಗೆ ಒಂದು ಗಡಿ ಇದೆ. ಅದಕ್ಕಿಂತ ಕೆಳಗಿದ್ದಾಗ ಕೆಳಗಿನಿಂದ ಭಾರಿ ಏಟು ಬಿದ್ದರೆ, ರೆಕ್ಕೆ ಆ ಮಿತಿ ದಾಟುವ ಮುಂಚೆ ಕ್ಷಣಕಾಲ ಸ್ಟಾಲ್ ಆಗಿ ಹೊರೆಯನ್ನು ಬಿಟ್ಟುಕೊಡುತ್ತದೆ. ಗಡಿಯ ಮೇಲಿದ್ದರೆ ಸ್ಟಾಲ್ ಆಗುವ ಮುಂಚೆಯೇ ದೇಹದ ಮಿತಿ ಮೀರಬಹುದು. ಆ ಗಡಿಯೇ ಮನೂವರಿಂಗ್ ಸ್ಪೀಡ್.

172ಎಸ್‌ನಲ್ಲಿ ಪೂರ್ತಿ ತೂಕ, ಅಂದರೆ 2,550 ಪೌಂಡ್ ಇದ್ದಾಗ ಇದು 105 ನಾಟ್. 2,200 ಪೌಂಡ್‌ಗೆ 98. 1,900 ಪೌಂಡ್‌ಗೆ 90. ತೂಕ ಕಡಿಮೆಯಾದಂತೆ ವೇಗವೂ ಕಡಿಮೆ ಮಾಡಬೇಕು. ಹೊಸಬರಿಗೆ ಇದು ಉಲ್ಟಾ ಅನಿಸುತ್ತದೆ. ಹಗುರ ವಿಮಾನದ ಸ್ಟಾಲ್ ವೇಗ ಕಡಿಮೆ, ಹಾಗಾಗಿ ಅದರ ಎರಡು ಪಟ್ಟೂ ಕಡಿಮೆ. ಅದೇ ಏಟಿಗೆ ಹಗುರ ವಿಮಾನ ಹೆಚ್ಚು ಚಿಮ್ಮುತ್ತದೆ ಅನ್ನುವುದನ್ನು ನೆನೆದರೆ ಲೆಕ್ಕ ಕೂಡುತ್ತದೆ. ಒಬ್ಬರೇ ಅರ್ಧ ಟ್ಯಾಂಕ್ ಇಂಧನದಲ್ಲಿ ಹಾರುತ್ತಾ '105 ಇದೆಯಲ್ಲ' ಅಂತ ಧೈರ್ಯವಾಗಿರಬಾರದು. ಹಾಗಂತ 65, 70ಕ್ಕೆ ಇಳಿಸಲೂಬಾರದು. ಅಲ್ಲಿ ಒಂದು ಏಟಿಗೆ ಸ್ಟಾಲ್ ಆಗುವ ಅಪಾಯ. ಫ್ಲ್ಯಾಪ್ (ಇಳಿಯುವಾಗ ಬಳಸುವ, ರೆಕ್ಕೆಯ ಹಿಂಬದಿಯ ಮಡಚು ಪಟ್ಟಿ) ಇಳಿಸಿಕೊಂಡು ಕುಲುಕಾಟದಲ್ಲಿ ಸಾಗಲೂಬಾರದು. ಫ್ಲ್ಯಾಪ್ ಇಳಿದಾಗ 172ರ ಮಿತಿ 3 ಪಟ್ಟಿಗೆ ಇಳಿಯುತ್ತದೆ.

ಈ ವೇಗದ ಕೆಳಗಿದ್ದರೆ ಏನು ಬೇಕಾದರೂ ಮಾಡಬಹುದು ಅಂತ ಕೆಲವರು ನಂಬಿದ್ದರು. 2001ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಹೊರಟ ಏರ್‌ಬಸ್ ಎ300 ವಿಮಾನ ಮುಂದಿದ್ದ ದೊಡ್ಡ ವಿಮಾನದ ಗಾಳಿಸುಳಿಗೆ ಸಿಕ್ಕಿತು. ಪೈಲಟ್ ರಡ್ಡರ್ ಅನ್ನು, ಅಂದರೆ ಬಾಲದ ಚುಕ್ಕಾಣಿಯ ಪೆಡಲ್ ಅನ್ನು, ಎಡಕ್ಕೆ ಬಲಕ್ಕೆ ಪದೇ ಪದೇ ಪೂರ್ತಿ ತುಳಿದಾಗ ಬಾಲದ ನೆಟ್ಟನೆಯ ರೆಕ್ಕೆಯೇ ಮುರಿದು ಹೋಯಿತು. ವೇಗ ಮಿತಿಯೊಳಗೇ ಇತ್ತು. ಸುಳಿ ದೊಡ್ಡದಾಗಿರಲಿಲ್ಲ, ಉತ್ತರ ದೊಡ್ಡದಾಗಿತ್ತು.

ಕಲಿಸುವಾಗ ನಾನು ಮೊದಲು ನೋಡುವುದು ಕೈ. ಕುಲುಕು ಶುರುವಾದ ಕೂಡಲೇ ಹುಡುಗ ಯೋಕ್ ಅನ್ನು, ಅಂದರೆ ವಿಮಾನದ ಸ್ಟೀರಿಂಗ್ ಅನ್ನು, ಬಿಗಿಯಾಗಿ ಹಿಡಿಯುತ್ತಾನೆ. ಬೆರಳ ಗಂಟುಗಳು ಬಿಳುಚುತ್ತವೆ. ಮೊಣಕೈ ಪಕ್ಕೆಗೆ ಅಂಟುತ್ತದೆ. ಅಷ್ಟಾದ ಮೇಲೆ ಅವನ ಮೈ ಅಲುಗಿದಷ್ಟೂ ಯೋಕ್ ಅಲುಗುತ್ತದೆ, ಗಾಳಿಯ ಕುಲುಕಿಗೆ ಅವನ ಕುಲುಕೂ ಸೇರುತ್ತದೆ. 'ಸಡಿಲ ಬಿಡಪ್ಪಾ, ಹೆಬ್ಬೆರಳು, ಎರಡು ಬೆರಳು ಸಾಕು' ಅಂದರೆ, 'ಬಿಟ್ಟರೆ ಹೆಂಗ್ರೀ ಸರ್, ವಾಲ್ತದಲ್ರೀ' ಅನ್ನುತ್ತಾನೆ. ವಾಲಲಿ. ಚೂರು ವಾಲಿದರೆ ಈ ವಿಮಾನ ಬಹುಪಾಲು ತಾನೇ ಸಮ ಆಗುತ್ತದೆ. ಹಾಗೆ ಸಮ ಆಗುವಂತೆಯೇ ಅದನ್ನು ಕಟ್ಟಿದ್ದಾರೆ. ಮೊಣಕೈಯನ್ನು ತೊಡೆಗೋ ಬಾಗಿಲ ಕಟ್ಟೆಗೋ ಊರಿ, ಬೆರಳಲ್ಲಿ ಮಾತ್ರ ಹಿಡಿದರೆ ಮೈಯ ಅಲುಗಾಟ ಯೋಕ್‌ಗೆ ಹೋಗುವುದಿಲ್ಲ.

ಎರಡನೆಯದು ಕಣ್ಣು. ಮೀಟರ್‌ಗಳು ಈ ಹೊತ್ತಿನಲ್ಲಿ ದಾರಿ ತಪ್ಪಿಸುತ್ತವೆ. ವೇಗದ ಮುಳ್ಳು ಹತ್ತು ಹದಿನೈದು ನಾಟ್ ಹಿಂದೆ ಮುಂದೆ ಓಡುತ್ತದೆ, ಎತ್ತರದ ಮುಳ್ಳು ಇನ್ನೂರು ಅಡಿ ಮೇಲೆ ಕೆಳಗೆ ಆಡುತ್ತದೆ. ಅವುಗಳ ಹಿಂದೆ ಓಡಬೇಡಿ. ಮೂಗಿನ ಮುಂದೆ ದಿಗಂತ ಎಲ್ಲಿದೆ ನೋಡಿ, ಮೂಗನ್ನು ಅಲ್ಲೇ ಇಡಿ, ರೆಕ್ಕೆ ಸಮ ಇಡಿ. ಎತ್ತರ ಆಡಲಿ ಬಿಡಿ. ಹೊಸಬರು ಸಿಕ್ಕಿಬೀಳುವುದು ಹೀಗೆ: ಗಾಳಿ ಕೆಳಗೆ ಇಳಿಸುತ್ತದೆ, ಎತ್ತರ ಹೋಯಿತು ಅಂತ ಮೂಗು ಎತ್ತುತ್ತಾರೆ. ವೇಗ ಬೀಳುತ್ತದೆ. ಅಷ್ಟರಲ್ಲಿ ಮುಂದಿನ ಥರ್ಮಲ್ ಕೆಳಗಿನಿಂದ ಬಡಿಯುತ್ತದೆ. ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಮೊದಲೇ ಜಾಸ್ತಿಯಾಗಿತ್ತು, ಈಗ ಮಿತಿ ದಾಟಿ ಸ್ಟಾಲ್. ಮೂಗನ್ನು ಸುಮ್ನೆ ಇದ್ದಲ್ಲೇ ಬಿಟ್ಟಿದ್ದರೆ ಅದೇ ಥರ್ಮಲ್ ಕಳೆದುಹೋದ ಎತ್ತರವನ್ನು ವಾಪಸ್ ಕೊಡುತ್ತಿತ್ತು. ಆಟೋಪೈಲಟ್ ಇದ್ದರೆ ಎತ್ತರ ಹಿಡಿಯುವ ಗುಂಡಿಯನ್ನು ಆರಿಸಬೇಕು, ಏಕೆಂದರೆ ಅದೂ ಹೊಸಬರ ಹಾಗೇ ಎತ್ತರದ ಹಿಂದೆ ಬೀಳುತ್ತದೆ. ನೆಲಕ್ಕೆ ಹತ್ತಿರ ಇದ್ದಾಗ ಮಾತ್ರ ಲೆಕ್ಕ ಬೇರೆ. ಅಲ್ಲಿ ಇಳಿಗಾಳಿ ಸಿಕ್ಕರೆ ಪೂರ್ತಿ ಶಕ್ತಿ ಕೊಟ್ಟು, ಏರುವ ವೇಗ ಹಿಡಿದು, ಆ ಜಾಗ ಬಿಟ್ಟು ಹೊರಗೆ ಬರಬೇಕು.

ಬಿಸಿಲು ಇಲ್ಲದಿದ್ದರೂ ಗಾಳಿ ಕೆಡುತ್ತದೆ. ಆಷಾಢದ ಗಾಳಿ ಗೊತ್ತಲ್ವಾ? ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ ಒಂದೇ ಸಮ ಬೀಸುತ್ತದೆ. ಆ ಗಾಳಿಗೆ ಸಂಡೂರಿನ ಬೆಟ್ಟಸಾಲು ಅಡ್ಡ ನಿಂತರೆ ಏನಾಗುತ್ತದೆ ಅಂತ ನೋಡಬೇಕಾದರೆ ಆನೆಗೊಂದಿಯಲ್ಲಿ ಹೊಳೆ ದಂಡೆಗೆ ಹೋಗಿ. ನೀರು ಬಂಡೆಗೆ ಬಡಿದು ಮುಂದೆ ನುಣ್ಣಗೆ ಏರುತ್ತದೆ, ಬಂಡೆ ದಾಟಿದ ಮೇಲೆ ಸುಳಿ ಸುಳಿಯಾಗಿ ಕೆಳಗೆ ಮಗುಚುತ್ತದೆ. ಹರಿಗೋಲು ನಡೆಸುವವರು ಬಂಡೆಯ ಹಿಂದಿನ ಆ ಜಾಗಕ್ಕೆ ಹೋಗುವುದಿಲ್ಲ. ಬೆಟ್ಟದ ಮೇಲೆ ಗಾಳಿಯೂ ಹೀಗೇ. ಗಾಳಿ ಬರುವ ಕಡೆಯ ಇಳಿಜಾರಿನಲ್ಲಿ ವಿಮಾನ ಏರುತ್ತದೆ, ಆಚೆ ಇಳಿಜಾರಿನಲ್ಲಿ ಕೆಳಗೆ ತಳ್ಳುತ್ತದೆ. ಆಚೆಯಿಂದ, ಅಂದರೆ ಗಾಳಿಗೆ ಎದುರಾಗಿ ಬೆಟ್ಟ ದಾಟಲು ಬರುವಾಗ ಅಪಾಯ ಹೆಚ್ಚು. ಬೆಟ್ಟ ಹತ್ತಿರ ಬಂದಷ್ಟೂ ಕೆಳಗೆ ಎಳೆಯುತ್ತದೆ. ಅದಕ್ಕೆ ಬೆಟ್ಟದ ತುದಿಗಿಂತ ಕನಿಷ್ಠ 1,000 ಅಡಿ, ಗಾಳಿ ಜೋರಿದ್ದರೆ 2,000 ಅಡಿ ಮೇಲೆ ಇರಬೇಕು. ನೇರವಾಗಿ ಹೋಗದೆ 45 ಡಿಗ್ರಿ ಓರೆಯಾಗಿ ಹೋಗಬೇಕು. ಓರೆಯಾಗಿದ್ದರೆ ಆಗದಿದ್ದಾಗ ಅರ್ಧ ತಿರುವಿನಲ್ಲೇ ವಾಪಸ್ ತಗ್ಗಿನ ಕಡೆ ಹೊರಳಬಹುದು.

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಕೈಚಳಕದಿಂದ ನಿಭಾಯಿಸಬಹುದು. ಮುಂದಿನದನ್ನು ನಿಭಾಯಿಸಲು ಆಗುವುದಿಲ್ಲ, ತಪ್ಪಿಸಿಕೊಳ್ಳಬೇಕು.

ಭರಣಿ, ಕೃತ್ತಿಕಾ ಮಳೆಯ ದಿನಗಳಲ್ಲಿ ಸಂಜೆ ಒಮ್ಮೆಲೇ ಮೋಡ ಕಟ್ಟಿ, ಮಳೆಗೆ ಮುಂಚೆ ಧೂಳಿನ ಗೋಡೆಯೇ ಬರುತ್ತದೆ. ಆ ಧೂಳನ್ನು ತರುವುದು ಮೋಡದಿಂದ ಕೆಳಗೆ ಸುರಿದು ನೆಲಕ್ಕೆ ಬಡಿದು ಸುತ್ತಲೂ ಹರಡಿದ ತಂಪು ಗಾಳಿ. ಒಂದು ಸಣ್ಣ ಜಾಗದಲ್ಲಿ ಇದು ತೀರಾ ಜೋರಾಗಿ ಸುರಿದರೆ ಮೈಕ್ರೋಬರ್ಸ್ಟ್. ನಾಲ್ಕು ಕಿಲೋಮೀಟರ್‌ಗಿಂತ ಕಡಿಮೆ ಅಗಲ, ಹೆಚ್ಚೆಂದರೆ ಕಾಲು ಗಂಟೆ ಆಯಸ್ಸು. ಒಳಗಿನ ಇಳಿಗಾಳಿ ನಿಮಿಷಕ್ಕೆ 6,000 ಅಡಿವರೆಗೂ ಇರಬಹುದು. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ವಿಮಾನ ಬಿದ್ದ ಕಾರಣ ಹುಡುಕುತ್ತಾ ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿತಾ ಇದನ್ನು ಗುರುತಿಸಿದರು. 1985ರಲ್ಲಿ ಡಲ್ಲಾಸ್‌ನಲ್ಲಿ ಇನ್ನೊಂದು ದೊಡ್ಡ ವಿಮಾನ ಇದಕ್ಕೇ ಬಲಿಯಾಯಿತು.

ಇದು ಮೊದಲು ಒಳ್ಳೆಯ ಸುದ್ದಿಯಂತೆ ಬರುತ್ತದೆ. ನೀವು 65 ನಾಟ್‌ನಲ್ಲಿ ಇಳಿಯುತ್ತಿದ್ದೀರಿ. ಎದುರುಗಾಳಿ 20 ನಾಟ್ ಹೆಚ್ಚಾಯಿತು, ವೇಗ ಏರಿತು, ವಿಮಾನ ಮೇಲೆ ತೇಲಿತು. ಪೈಲಟ್ ಶಕ್ತಿ ಕಡಿಮೆ ಮಾಡುತ್ತಾನೆ. ನಡುವಿಗೆ ಬಂದಾಗ ಮೇಲಿಂದ ಒತ್ತುತ್ತದೆ. ಆಚೆ ದಾಟಿದಾಗ ಅದೇ 20 ನಾಟ್ ಹಿಂಗಾಳಿ. ಒಟ್ಟು 40 ನಾಟ್ ವ್ಯತ್ಯಾಸ. ಫ್ಲ್ಯಾಪ್ ಇಳಿಸಿದ 172ರ ಸ್ಟಾಲ್ ವೇಗವೇ 40 ನಾಟ್. ಉಳಿಯುವುದು ಏನು?

ನಮ್ಮ ಒಣ ಹವೆಯಲ್ಲಿ ಇನ್ನೊಂದು ಮೋಸ ಇದೆ. ಮೋಡದಿಂದ ಮಳೆಯ ಎಳೆಗಳು ಇಳಿದಂತೆ ಕಾಣುತ್ತವೆ, ನೆಲ ಮುಟ್ಟುವ ಮುಂಚೆಯೇ ಆರಿಹೋಗುತ್ತವೆ. ಕೆಳಗೆ ಒಂದು ಹನಿಯೂ ಇರುವುದಿಲ್ಲ. ಆದರೆ ಆರುವ ನೀರು ಸುತ್ತಲಿನ ಗಾಳಿಯನ್ನು ತಣ್ಣಗೆ, ಭಾರ ಮಾಡುತ್ತದೆ, ಆ ಭಾರದ ಗಾಳಿ ಬಿದ್ದೇ ಬೀಳುತ್ತದೆ. ಎತ್ತರದ ಮೋಡದ ತಳ, ಒಣ ಗಾಳಿ, ಅರ್ಧದಲ್ಲೇ ಮಾಯವಾಗುವ ಮಳೆ: ಈ ಮೂರೂ ಕಂಡರೆ ಅದರ ಕೆಳಗೆ ಹೋಗಬೇಡಿ. ಗುಡುಗು ಮೋಡದಿಂದ 20 ಮೈಲಿ ದೂರ ಇರಬೇಕು ಅನ್ನುವುದು ಎಲ್ಲರೂ ಒಪ್ಪಿದ ಲೆಕ್ಕ. ರನ್‌ವೇ ಹತ್ತಿರ ಧೂಳೆದ್ದಿದ್ದರೆ ಇಂಧನ ಇರುವವರೆಗೆ ದೂರದಲ್ಲಿ ಸುತ್ತಿ ಕಾಯಿರಿ, ಇಲ್ಲವೇ ಬೇರೆ ಕಡೆ ಇಳಿಯಿರಿ. ಕಾಲು ಗಂಟೆ ಕಾದರೆ ಬಹಳ ಸಲ ಅದೇ ರನ್‌ವೇ ತಣ್ಣಗೆ ಸಿಗುತ್ತದೆ.

ಸಾಮಾನ್ಯ ಗಾಳಿ ದಿನ ಇಳಿಯುವಾಗ ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. ಗಾಳಿ 12 ನಾಟ್, ಬಿರುಸು 22 ಅಂದರೆ ವ್ಯತ್ಯಾಸ 10. ಅದರ ಅರ್ಧ, 5 ನಾಟ್, ಇಳಿಯುವ ವೇಗಕ್ಕೆ ಸೇರಿಸಿ: 65 ಇದ್ದದ್ದು 70. ಇಷ್ಟಕ್ಕಿಂತ ಜಾಸ್ತಿ ಸೇರಿಸಿದರೆ ವಿಮಾನ ನೆಲದ ಮೇಲೆ ತೇಲುತ್ತಾ ಹೋಗುತ್ತದೆ, ಅದು ಇನ್ನೊಂದು ತೊಂದರೆ. ಬಳ್ಳಾರಿ ಸಮುದ್ರ ಮಟ್ಟದಿಂದ ಸುಮಾರು 1,600 ಅಡಿ ಎತ್ತರದಲ್ಲಿದೆ. 42 ಡಿಗ್ರಿ ಬಿಸಿಯಲ್ಲಿ ಇಲ್ಲಿನ ಗಾಳಿ 5,000 ಅಡಿ ಮೇಲಿನ ಗಾಳಿಯಷ್ಟು ತೆಳ್ಳಗಾಗುತ್ತದೆ. ಮೀಟರ್ 65 ತೋರಿಸಿದಾಗ ನಿಜವಾದ ವೇಗ 70 ನಾಟ್ ಹತ್ತಿರ. ನೆಲ ಬೇಗ ಬೇಗ ಓಡಿದಂತೆ ಕಾಣುತ್ತದೆ ಅಂತ ವೇಗ ಇಳಿಸಲು ಹೋಗಬಾರದು. ರನ್‌ವೇ ಹತ್ತಿರ ಯಾವುದೇ ಹಂತದಲ್ಲಿ ಸರಿ ಅನಿಸದಿದ್ದರೆ ಪೂರ್ತಿ ಥ್ರಾಟಲ್ ಕೊಟ್ಟು ಗೋ ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ. ಆದರೆ ಈ ತೆಳು ಗಾಳಿಯಲ್ಲಿ ವಿಮಾನ ನಿಧಾನ ಏರುತ್ತದೆ, ಹಾಗಾಗಿ ಆ ನಿರ್ಧಾರ ಬೇಗ ಆಗಬೇಕು. ನಿಮಗಿಂತ ಮುಂಚೆ ಎಟಿಆರ್ ಇಳಿದಿದ್ದರೆ ಅದು ಬಂದ ದಾರಿಗಿಂತ ಮೇಲಿದ್ದು, ಅದರ ಚಕ್ರ ತಾಗಿದ ಜಾಗದ ಆಚೆ ಇಳಿಯಿರಿ. ರೆಕ್ಕೆ ತುದಿಯ ಸುಳಿಗಳು ಕೆಳಗೆ ಇಳಿಯುತ್ತವೆ, ಮೇಲೆ ಬರುವುದಿಲ್ಲ.

ಜೊತೆಗೆ ಕೂರುವವರಿಗೂ ಎರಡು ಮಾತು. ಬೆಲ್ಟ್ ಸೊಂಟಕ್ಕೆ ಬಿಗಿಯಾಗಿರಲಿ. 2024ರ ಮೇ ತಿಂಗಳಲ್ಲಿ ಲಂಡನ್‌ನಿಂದ ಸಿಂಗಾಪುರಕ್ಕೆ ಹೊರಟ ಬೋಯಿಂಗ್ 777ರಂಥ ದೊಡ್ಡ ವಿಮಾನದಲ್ಲೇ ಬೆಲ್ಟ್ ಹಾಕದವರು ಚಾವಣಿಗೆ ಬಡಿದರು. ನೀರಿನ ಬಾಟಲಿ, ಕ್ಯಾಮೆರಾ, ಬ್ಯಾಗು ಯಾವುದೂ ಸಡಿಲ ಇರಬಾರದು. ಪೈಲಟ್ ಕಾಲ ಬಳಿ ಉರುಳಿದ ಬಾಟಲಿ ರಡ್ಡರ್ ಪೆಡಲ್ ಕೆಳಗೆ ಸಿಕ್ಕರೆ ಗಾಳಿಗಿಂತ ದೊಡ್ಡ ಕಷ್ಟ. ವಾಕರಿಕೆ ಬಂದರೆ ಮೊಬೈಲ್ ಕೆಳಗಿಟ್ಟು ದೂರದ ದಿಗಂತ ನೋಡಿ, ಗಾಳಿಯ ಕಿಂಡಿ ಮುಖಕ್ಕೆ ತಿರುಗಿಸಿಕೊಳ್ಳಿ, ಪೈಲಟ್‌ಗೆ ತಡಮಾಡದೆ ಹೇಳಿ.

ಕುಲುಕು ಸಿಕ್ಕಿದ್ದನ್ನು ರೇಡಿಯೋದಲ್ಲಿ ಹೇಳುವುದೂ ಪೈಲಟ್‌ನ ಕೆಲಸ. ಜಾಗ, ಎತ್ತರ, ಜೋರು, ಇದರ ಜೊತೆ ವಿಮಾನದ ಹೆಸರೂ ಬೇಕು. ಸೆಸ್ನಾದವರಿಗೆ ಮಾಡರೇಟ್ ಅನಿಸಿದ್ದು ಎಟಿಆರ್‌ನವರಿಗೆ ಗೊತ್ತೇ ಆಗದಿರಬಹುದು. ಬೆಲ್ಟ್ ಚೂರು ಬಿಗಿದರೆ ಲೈಟ್. ಬಲವಾಗಿ ಬಿಗಿದು ಸಡಿಲ ಸಾಮಾನು ಜರುಗಿದರೂ ವಿಮಾನ ಕೈಯಲ್ಲೇ ಇದ್ದರೆ ಮಾಡರೇಟ್. ಕ್ಷಣಕಾಲವಾದರೂ ಹತೋಟಿ ತಪ್ಪಿದರೆ ಸಿವಿಯರ್. ಸಿವಿಯರ್ ಅಂತ ಹೇಳಿದ ಮೇಲೆ ಆ ವಿಮಾನವನ್ನು ಲಾಗ್‌ಬುಕ್‌ನಲ್ಲಿ ಬರೆದು ಎಂಜಿನಿಯರ್ ಕೈಗೆ ಕೊಡಬೇಕು. ರೆಕ್ಕೆಯ ತಗಡಿನಲ್ಲಿ ಸುಕ್ಕು, ಸಡಿಲವಾದ ರಿವೆಟ್, ಬಾಲದ ಬುಡದಲ್ಲಿ ಬಿರುಕು ಇದೆಯಾ ಅಂತ ಅವರು ನೋಡಿ ಸಹಿ ಹಾಕುವವರೆಗೆ, ಹೊರಗಿಂದ ಎಷ್ಟೇ ಚೆನ್ನಾಗಿ ಕಂಡರೂ, ಅದನ್ನು ಮತ್ತೆ ಹಾರಿಸಬಾರದು.